ಮೀನಿನ ಡಾಕ್ಟರ ಹೇಳಿಕೆಗಳು

ಇವತ್ತು ಆಕೆ ಅವನಿಗೆ ಮೊದಲು ಕಂಡದ್ದು ಬಂಗಾರದ ಮೀನುಗಳ ತೊಟ್ಟಿಯ ಮೂಲಕ. ತುಸು ಹಸಿರುಗಟ್ಟಿದ ನೀರು, ಅದರಾಚೆ ಅಂಗಡಿಯ ಗಾಜಿನ ಬಾಗಿಲು, ಅದರಾಚೆ ರಸ್ತೆ, ರಸ್ತೆಯಾಚೆ ಔಷಧಿ ಅಂಗಡಿಯ ಮೆಟ್ಟಿಲ ಪಕ್ಕ ಆಕೆ. ಇಷ್ಟು ಗಾಜು, ಇಷ್ಟು ನೀರು ಅಡ್ಡವಿದ್ದರೂ ಗುರುತು ತಪ್ಪಲಿಲ್ಲ. ಬೂದು ಬಣ್ಣದ ಕೊಡೆ, ಎದೆಗೆ ಅವುಚಿಕೊಂಡ ಬಟ್ಟೆಯ ಚೀಲ, ಚೀಲದೊಳಗೆ ಏನೋ ಗುಂಡಗಿನದು. ಬಟ್ಟಲು, ಅಂದುಕೊಂಡ. ಹಾಗಾದರೆ ನಾಲ್ಕನೆಯ ಮೀನೂ ಹೋಯಿತು. ಆಕೆ ರಸ್ತೆ ದಾಟುವ ರೀತಿ ಅವನಿಗೆ ಗೊತ್ತಿತ್ತು: ಕೆಂಪು ದೀಪ ಬಂದು, ಗಾಡಿಗಳೆಲ್ಲ ನಿಂತು, ನಿಂತವು ನಿಜಕ್ಕೂ ನಿಂತಿವೆ ಎಂದು ಖಾತ್ರಿಯಾದ ಮೇಲೆಯೇ ಕಾಲು ಎತ್ತುವವಳು. ಎರಡು ನಿಮಿಷ ಸಿಗುತ್ತದೆ. ಎರಡು ನಿಮಿಷದಲ್ಲಿ ಮನುಷ್ಯ ಹಿಂದಿನ ಉಗ್ರಾಣಕ್ಕೆ ಹೋಗಿ ನಾಯಿಯ ಆಹಾರದ ಚೀಲಗಳ ನಡುವೆ ಏನೋ ಹುಡುಕುತ್ತ ಕೂರಬಹುದು. ಆದರೆ ಕೂತರೆ ಯಜಮಾನನೇ ಎದ್ದು ಬಂದು ಆಕೆಯನ್ನು ಮಾತಾಡಿಸುತ್ತಾನೆ. ಆಕೆ ಚೀಲದಿಂದ ಆ ನೋಟುಪುಸ್ತಕ ತೆಗೆಯುತ್ತಾಳೆ. ತೆಗೆದರೆ ಅದರಲ್ಲಿ ಬರೆದಿರುವುದೆಲ್ಲ ಅವನ ಮಾತೇ. ಅವನು ನಿಂತಲ್ಲೇ ನಿಂತು, ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದ.

ಅಂಗಡಿಯಲ್ಲಿ ಅವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಮೊದಲು ತಮಾಷೆಗೆ ಅಂದದ್ದು, ಯಜಮಾನ ಎಲ್ಲಿಂದಲೋ ಒಂದು ತಿಳಿನೀಲಿ ಕೋಟು ತಂದು ತೊಡಿಸಿದ ಮೇಲೆ ತಮಾಷೆಯ ಭಾಗ ಉದುರಿಹೋಗಿ ಡಾಕ್ಟರ್ ಮಾತ್ರ ಉಳಿಯಿತು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಜನರ ಕಾಲ ಬುಡದಲ್ಲಿ ಕೂತು ಒಂದೇ ಮಾತು ಹೇಳಿದವನು: ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ. ಬಿಗಿಯಾಗಿದ್ದರೂ ಆಗುತ್ತೆ, ಸಡಿಲವಾಗಿದ್ದರೆ ಕಾಲೇ ಹೊಂದಿಕೊಳ್ಳುತ್ತೆ. ಹಿಮ್ಮಡಿ ಕಿತ್ತುಹೋದವರು ವಾಪಸು ಬಂದರೆ ಅವರ ಹಿಮ್ಮಡಿಯನ್ನು ವಿಷಾದದಿಂದ ನೋಡಿ, ನಿಮ್ಮ ನಡಿಗೆಯಲ್ಲೇ ಏನೋ ಇದೆ ಸರ್, ಎನ್ನುತ್ತಿದ್ದ. ಜನ ತಮ್ಮ ನಡಿಗೆಯ ಬಗ್ಗೆ ಯೋಚಿಸುತ್ತ ಮನೆಗೆ ಹೋಗುತ್ತಿದ್ದರು. ಆ ಅಂಗಡಿ ಮುಚ್ಚಿತು. ಈ ಯಜಮಾನ ಮೊದಲ ದಿನ ಕೇಳಿದ, ಮೀನಿನ ಬಗ್ಗೆ ಗೊತ್ತಾ. ಗೊತ್ತು, ಎಂದ. ಗೊತ್ತಿಲ್ಲ ಎನ್ನುವುದು ಅವನ ಬಾಯಿಗೆ ಬರುವ ಮಾತೇ ಅಲ್ಲ. ಯಜಮಾನನಿಗೂ ಬೇಕಾದದ್ದು ಅದೇ. ಈ ಬಾಗಿಲೊಳಗೆ ಗೊತ್ತಿಲ್ಲ ಅನ್ನೋ ಮಾತಿಲ್ಲ, ತಿಳೀತಾ, ಗಿರಾಕಿ ಕೇಳೋಕೆ ಬರೋದು ಉತ್ತರ, ಅದು ಸರಿಯೋ ತಪ್ಪೋ ಮನೆಗೆ ಹೋದ ಮೇಲೆ ನೋಡ್ಕೋತಾನೆ. ಹೀಗೆ ಕಾಲಿನಿಂದ ಮೀನಿಗೆ ಬಂದವನಿಗೆ ಕಲಿಯುವುದು ಹೆಚ್ಚೇನೂ ಇರಲಿಲ್ಲ. ಹೊಂದಿಕೊಳ್ಳುತ್ತೆ ಎಂಬ ಮಾತು ನೀರಿನಲ್ಲೂ ನಡೆಯುತ್ತಿತ್ತು.

ಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಬಂದ ನೆಂಟರು ಹೊರಡುವಾಗ ಬಸ್ ನಿಲ್ದಾಣಕ್ಕೆ ದಾರಿ ಕೇಳಿದರೆ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ, ಅವರನ್ನ ಕೇಳಬೇಡಿ, ಕೆಳಗೆ ಯಾರನ್ನಾದ್ರೂ ಕೇಳ್ಕೊಳ್ಳಿ. ನೆಂಟರು ನಗುತ್ತಾರೆ, ಅವನೂ ನಗುತ್ತಾನೆ, ನಗುತ್ತಲೇ ಬಲಗೈ ಎತ್ತಿ ತಪ್ಪು ದಾರಿ ತೋರಿಸಿರುತ್ತಾನೆ. ಮದುವೆಯಾದ ಹೊಸದರಲ್ಲಿ ಕಣ್ಣಿನ ಆಸ್ಪತ್ರೆಗೆ ಹೊರಟವಳಿಗೆ ಇಳಿಯುವ ನಿಲ್ದಾಣ ಹೇಳಿದ್ದ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವಳು ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದಿದ್ದಳು. ಅದಕ್ಕೆ ಅವಳು ಜಗಳ ಆಡಲಿಲ್ಲ. ಅಂದಿನಿಂದ ಅವನನ್ನು ಏನೂ ಕೇಳುವುದನ್ನು ಬಿಟ್ಟಳು, ಅಷ್ಟೆ. ಇವತ್ತು ಬೆಳಿಗ್ಗೆ ಬಚ್ಚಲಮನೆಯ ನಲ್ಲಿ ಸೋರುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ತೋರಿಸಿ ತಡೆದಳು. ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಆಕಾಶವೇನೂ ಕಳಚಿ ಬೀಳಲ್ಲ, ಎಂದಳು. ಅವನು ಬಾಯಿ ಮುಚ್ಚಿದ. ನಲ್ಲಿ ಸೋರುತ್ತಲೇ ಇತ್ತು. ವಾಷರ್ ಹೋಗಿರಬೇಕು ಎಂದು ಮೆಟ್ಟಿಲಿಳಿಯುತ್ತ ತನಗೆ ತಾನೇ ಹೇಳಿಕೊಂಡ. ವಾಷರ್ ಎಂದರೆ ಹೇಗಿರುತ್ತದೆ ಎಂದು ಅವನು ಇದುವರೆಗೆ ನೋಡಿರಲಿಲ್ಲ.

ಒಂದು ಬೆಳಿಗ್ಗೆಗೆ ಅಷ್ಟು ಸಾಕಿತ್ತು. ಆದರೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಮೀನು ಸಾಕುವವನು ಬಂದಿದ್ದ. ಎರಡು ವಾರಕ್ಕೊಮ್ಮೆ ಬಂದು, ಪ್ಲಾಸ್ಟಿಕ್ ಚೀಲಗಳಲ್ಲಿ ಫೈಟರ್ ಮೀನು ತಂದಿಳಿಸಿ, ಚಹಾ ಕುಡಿದು ಹೋಗುವ ಮನುಷ್ಯ. ಅಂಗೈ ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತದೆ, ಮಾತು ಕಡಿಮೆ. ಮೀನುಗಳನ್ನು ಸಾಲಾಗಿಟ್ಟ ಲೋಟಗಳಿಗೆ ಬಿಟ್ಟು, ಲೋಟ ಲೋಟದ ನಡುವೆ ರಟ್ಟಿನ ತುಂಡು ಸಿಕ್ಕಿಸುವುದು ಡಾಕ್ಟರನ ಕೆಲಸ. ಗಂಡು ಫೈಟರಿಗೆ ಗಂಡು ಫೈಟರ್ ಕಣ್ಣಿಗೆ ಬೀಳಬಾರದು. ಗಿರಾಕಿ ಬಂದಾಗ ಮಾತ್ರ ಅವನು ಒಂದು ರಟ್ಟನ್ನು ಮೆಲ್ಲಗೆ ಮೇಲಕ್ಕೆ ಎಳೆಯುತ್ತಾನೆ. ಎರಡೂ ಮೀನು ಕಿವಿರು ಅಗಲಿಸಿ, ಬಾಲ ಬಿಚ್ಚಿ, ಗಾಜಿಗೆ ಮುಖ ಕೊಟ್ಟು ನಡುಗುತ್ತವೆ. ನೋಡಿ ಸರ್, ನಿಮ್ಮನ್ನ ಕಂಡು ಖುಷಿಗೆ ಕುಣೀತಿದಾನೆ, ಎನ್ನುತ್ತಾನೆ. ಇವತ್ತು ಸುಮ್ಮನಿರಲಾರದೆ, ಎಲ್ಲ ಗೊತ್ತಿದ್ದವನು ಗೊತ್ತಿದ್ದವನನ್ನು ಕೇಳುವ ಧಾಟಿಯಲ್ಲಿ ಕೇಳಿದ, ಒಂಟಿ ಮೀನಿಗೆ ಕನ್ನಡಿ ಇಟ್ಟರೆ ಒಳ್ಳೇದು ಅಲ್ವಾ, ಜೊತೆಗೊಬ್ಬ ಇದಾನೆ ಅಂತ ಅದಕ್ಕೆ ಸಮಾಧಾನ. ಮೀನು ಸಾಕುವವನು ಚಹಾದ ಲೋಟ ಕೆಳಗಿಟ್ಟು ಅವನ ಮುಖ ನೋಡಿದ.

"ಎಷ್ಟು ಹೊತ್ತು ಇಡ್ತೀರಿ?"

"ಇಡೀ ದಿನ."

"ಸತ್ತೇ ಹೋಗುತ್ತೆ ಕಣ್ರೀ. ಎದುರಿಗಿರೋದು ವೈರಿ ಅಂತ ತಿಳ್ಕೊಳ್ಳುತ್ತೆ. ಇದು ಮುಂದೆ ಬಂದ್ರೆ ಅದೂ ಮುಂದೆ ಬರುತ್ತೆ, ಹೆದರಿಸಿದ್ರೆ ಹೆದರಿಸುತ್ತೆ, ಓಡೇ ಹೋಗಲ್ಲ. ಊಟ ಬಿಟ್ಟು, ಸಿಟ್ಟು ಮಾಡ್ಕೊಂಡೇ ಸೊರಗುತ್ತೆ. ಎರಡು ನಿಮಿಷ ತೋರಿಸಿದ್ರೆ ಪರವಾಗಿಲ್ಲ. ಇಡೀ ದಿನ ಅಂದ್ರೆ ಯಾರಾದ್ರೂ ತಲೆ ಇರೋರು ಇಡ್ತಾರಾ?"

"ಯಾರೂ ಇಡಲ್ಲ. ಸುಮ್ಮನೆ ಕೇಳಿದೆ," ಎಂದ ಡಾಕ್ಟರ್. ಆದರೂ ಬಿಡದೆ ಉಳಿದದ್ದನ್ನೂ ಕೇಳಿದ. ನಲ್ಲಿ ನೀರನ್ನು ಹಾಗೇ ಹಾಕಿದರೆ? ಒಂದು ದಿನವಾದರೂ ಹಿಡಿದಿಡಬೇಕು, ಇಲ್ಲ ಔಷಧಿ ಬೆರೆಸಬೇಕು, ಇಲ್ಲದಿದ್ರೆ ಕಿವಿರು ಸುಟ್ಟುಹೋಗುತ್ತೆ. ದಿನಾ ಪೂರ್ತಿ ನೀರು ಬದಲಾಯಿಸಿದರೆ? ಅದಕ್ಕೇನು ಗ್ರಹಚಾರ, ವಾರಕ್ಕೊಮ್ಮೆ ಕಾಲುಭಾಗ ತೆಗೆದು ಹಾಕಿದ್ರೆ ಸಾಕು. ಗಾಜಿನ ಬಟ್ಟಲು? ಒಂದು ಬಕೆಟ್ ನೀರಾದರೂ ಬೇಕು, ಬೆಚ್ಚಗಿರಬೇಕು. ಎಷ್ಟು ದಿನ ಬದುಕುತ್ತೆ? ಸರಿಯಾಗಿ ನೋಡಿಕೊಂಡರೆ ಮೂರು ವರ್ಷ. ಮೂರು ವಾರ ಎನ್ನುವುದನ್ನೇ ಅವನು ಗಿರಾಕಿಗಳಿಗೆ ಅದರ ಆಯಸ್ಸೇ ಅಷ್ಟೆಂಬಂತೆ ಹೇಳುತ್ತ ಬಂದಿದ್ದ. ಮೀನು ಸಾಕುವವನು ಹೋದ ಮೇಲೆ ಅವನು ಲೋಟಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತ. ಒಂದೊಂದು ಲೋಟದಲ್ಲಿ ಒಂದೊಂದು ಮೀನು ಅಲುಗಾಡದೆ ನಿಂತಿತ್ತು. ಹೊಂದಿಕೊಂಡಿವೆ ಎಂದು ಇಷ್ಟು ದಿನ ಅವನು ತಿಳಿದದ್ದು ಇದನ್ನೇ.

ಬಾಗಿಲ ಗಂಟೆ ಕಿಣಿ ಎಂದಿತು. ಬಾಗಿಲು ತೆರೆದಾಗಲೆಲ್ಲ ಬಡಿಯುವಂತೆ ಯಜಮಾನ ಕಟ್ಟಿಸಿದ ಸಣ್ಣ ಗಂಟೆ. ಆಕೆ ಕೊಡೆ ಮಡಚಿ, ನೀರು ಹನಿಯದಿದ್ದರೂ ಅಭ್ಯಾಸದಿಂದ ಎರಡು ಸಲ ಕೊಡವಿ, ಒಳಗೆ ಬಂದಳು. ಅವನು ಮನಸ್ಸಿನಲ್ಲಿ ಆಕೆಯನ್ನು ಸ್ಟೆನೋ ಮೇಡಂ ಎನ್ನುತ್ತಿದ್ದ. ಮೊದಲ ಸಲ ಬಂದಾಗಲೇ ಆಕೆ ಹೇಳಿದ್ದಳು, ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡವಳು, ಏನನ್ನೇ ಆಗಲಿ ಬರೆದುಕೊಳ್ಳದೆ ಕೇಳಿಸಿಕೊಳ್ಳಲು ಬರುವುದಿಲ್ಲ ಎಂದು. ಹೀಗೆ ಹೇಳಿ ನೋಟುಪುಸ್ತಕ ತೆಗೆದಿದ್ದಳು. ಎಮ್ಮೆ ಕಾಲೂರಿದ ಗುಂಡಿ ನೀರಲ್ಲೂ ಬದುಕುತ್ತೆ, ಜಾಗ ಜಾಸ್ತಿ ಕೊಟ್ರೇ ಭಯ ಎಂದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ತಲೆ ಎತ್ತಿ ಮೊದಲಿನಿಂದ ಓದಿ ಹೇಳಿ, ಸರಿ ಇದೆಯಾ, ಎಂದು ಕೇಳಿದ್ದಳು. ಸರಿ ಇದೆ, ಎಂದಿದ್ದ. ಬದುಕಿನಲ್ಲಿ ಮೊದಲ ಬಾರಿಗೆ ಅವನ ಮಾತನ್ನು ಒಬ್ಬರು ಬರೆದುಕೊಂಡದ್ದು. ಅಂದು ಇಡೀ ದಿನ ಅವನ ಎದೆ ಉಬ್ಬಿಕೊಂಡೇ ಇತ್ತು. ಹೆಂಡತಿಗೆ ಹೇಳಬೇಕೆಂದುಕೊಂಡು ಹೇಳಲಿಲ್ಲ.

ಮೊದಲನೆಯದು ಸತ್ತು ಆಕೆ ಬಂದಾಗ, ಊಟ ಜಾಸ್ತಿ ಹಾಕಿದೀರಿ ಮೇಡಂ, ಎಂದ. ಆಕೆ ಬರೆದುಕೊಂಡು ನೀಲಿ ಮೈಯ, ಕೆಂಪು ಬಾಲದ ಇನ್ನೊಂದನ್ನು ಒಯ್ದಳು, ಮೊದಲನೆಯದರ ಹಾಗೇ ಇರುವುದನ್ನು ಹುಡುಕಿ. ಎರಡನೆಯದು ಸತ್ತಾಗ ನೀರಿನ ತಪ್ಪು. ದಿನಾ ಬೆಳಿಗ್ಗೆ ಪೂರ್ತಿ ಚೆಲ್ಲಿ, ನಲ್ಲಿ ಕೆಳಗೆ ಹೊಸ ನೀರು ಹಿಡಿದು ಹಾಕಿ. ಆಕೆ ಬರೆದುಕೊಂಡಳು, ಒಂದು ದಿನವೂ ತಪ್ಪಿಸದೆ ಹಾಗೇ ಮಾಡಿದಳು. ಇಷ್ಟು ಕಟ್ಟುನಿಟ್ಟಾಗಿ ಹೇಳಿದ್ದನ್ನು ಮಾಡುವ ಗಿರಾಕಿ ಅವನಿಗೆ ಸಿಕ್ಕಿರಲೇ ಇಲ್ಲ. ಉಳಿದವರು ಅರ್ಧಂಬರ್ಧ ಕೇಳಿ ತಮಗೆ ತೋಚಿದ್ದು ಮಾಡುತ್ತಿದ್ದುದರಿಂದ ಅವರ ಮೀನು ಹೇಗೋ ಬದುಕುತ್ತಿದ್ದವೇನೋ. ಮೂರನೆಯದು ಸತ್ತಾಗ ಅವನಿಗೆ ಕಾರಣಗಳು ಮುಗಿದಿದ್ದವು. ಅದಕ್ಕೇ ಒಂಟಿತನ, ಅದಕ್ಕೇ ಕನ್ನಡಿ. ಅದನ್ನೂ ಬರೆದುಕೊಂಡು ಓದಿ ಹೇಳಿದ ಮೇಲೂ ಆಕೆ ಹೋಗಲಿಲ್ಲ. ಚೀಲದ ಹಿಡಿಕೆ ತಿರುವುತ್ತ, ಎಲ್ಲ ನೀವು ಹೇಳಿದ ಹಾಗೇ ಮಾಡ್ತೀನಲ್ಲ ಡಾಕ್ಟ್ರೇ, ಆದರೂ ಯಾಕೆ, ಎಂದಳು. ಒಳಗೆ ಮೇಜಿನ ಮೇಲೆ ಅವನ ಚಹಾ ಆರುತ್ತಿತ್ತು. ಕೆಲವರ ಕೈಗುಣ ಹಾಗಿರುತ್ತೆ ಮೇಡಂ, ಏನು ಮಾಡೋಕಾಗುತ್ತೆ, ಎಂದುಬಿಟ್ಟ. ಆಕೆಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡಳು. ಆದರೆ ಅದೊಂದನ್ನು ಓದಿ ಹೇಳಲಿಲ್ಲ.

ಈಗ ಆಕೆ ಕಟ್ಟೆಯ ಮೇಲೆ ಚೀಲವಿಟ್ಟು ಒಂದೊಂದಾಗಿ ತೆಗೆದಿಟ್ಟಳು. ತೊಳೆದು ಒರೆಸಿದ ಬಟ್ಟಲು. ಕಾಳಿನ ಡಬ್ಬಿ. ಬಣ್ಣದ ಕಲ್ಲುಗಳ ಪೊಟ್ಟಣ, ಅವೂ ತೊಳೆದವು. ಕೊನೆಗೆ ಅಂಗೈಯಗಲದ ಚೌಕ ಕನ್ನಡಿ. ಗಾಜಿನ ಕೋಣೆಯೊಳಗೆ ಯಜಮಾನ ಫೋನಿನಲ್ಲಿದ್ದ. ಆದರೆ ಪೆನ್ನಿನ ತುದಿ ಮೇಜಿಗೆ ಟಕ್ ಟಕ್ ಎನ್ನುತ್ತಿತ್ತು, ಅಂದರೆ ಒಂದು ಕಿವಿ ಇತ್ತ ಇದೆ ಎಂದು ಅರ್ಥ.

"ನಾಲ್ಕನೇದೂ ಹೋಯ್ತು," ಎಂದಳು. "ಹನ್ನೊಂದು ದಿನ. ಕನ್ನಡಿ ಬಿಟ್ಟು ಆ ಕಡೆ ಈ ಕಡೆ ಹೋಗ್ಲೇ ಇಲ್ಲ."

"ಮೇಡಂ, ಇನ್ನೊಂದು..."

"ಬೇಡ. ಇದನ್ನೆಲ್ಲ ಬೇರೆ ಯಾರಿಗಾದ್ರೂ ಕೊಡಿ. ದುಡ್ಡೇನೂ ಬೇಡ. ಉಪಯೋಗ ಆಗ್ಲಿ. ನಿಮಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ." ಆಕೆ ಕಟ್ಟೆಯ ಮೇಲೆ ಎರಡೂ ಕೈ ಊರಿದಳು, ಊರಿದ್ದು ಗೊತ್ತಾದ ಕೂಡಲೇ ತೆಗೆದಳು. "ನಮ್ಮ ಮನೆಯವರು ಎಂಟು ತಿಂಗಳಿಂದ ಮಲಗಿದಲ್ಲೇ ಇದಾರೆ. ಪಾರ್ಶ್ವವಾಯು. ಮಾತಿಲ್ಲ. ಕಣ್ಣು ಮಾತ್ರ ಓಡಾಡುತ್ತೆ. ಮೀನು ತಂದ ಮೇಲೆ ಅದರ ಹಿಂದೆ ಹೋಗ್ತಿತ್ತು ಕಣ್ಣು. ಅದಕ್ಕೇ ಪ್ರತಿ ಸಲ ಅದೇ ಬಣ್ಣದ್ದು ಹುಡುಕ್ತಿದ್ದೆ, ಸತ್ತಿದ್ದು ಅವರಿಗೆ ಗೊತ್ತಾಗಬಾರದು ಅಂತ. ನೀವು ಕೈಗುಣ ಅಂದ ಮೇಲೆ ಯೋಚನೆ ಮಾಡಿದೆ. ಅವರಿಗೆ ಊಟ ತಿನ್ಸೋದು ನಾನು. ಮಾತ್ರೆ ಕೊಡೋದು ನಾನು. ಹೊರಳಿಸಿ ಮಲಗ್ಸೋದು ನಾನು. ಅವತ್ತು ಬೆಳಿಗ್ಗೆ ಅವರು ಬಿದ್ದಾಗ ಮೊದ್ಲು ಎತ್ತಿದ್ದೂ ನಾನೇ. ಎಲ್ಲಾ ಈ ಕೈಲೇ."

ಅವನು ಕಟ್ಟೆಯ ಮೇಲಿದ್ದ ಕನ್ನಡಿಯನ್ನು ಬೋರಲು ಹಾಕಿದ.

"ಈಗ ಚಮಚ ಹಿಡಿದ್ರೆ ಕೈ ನಡುಗುತ್ತೆ. ನಾದಿನಿ ಊರಾಚೆ ಒಂದು ಆರೈಕೆ ಮನೇಲಿ ಜಾಗ ನೋಡಿದಾರೆ. ನಾಳೆ ಹತ್ತು ಗಂಟೆಗೆ ಗಾಡಿ ಬರುತ್ತೆ. ಅವರಿಗೆ ಇಷ್ಟ ಇಲ್ಲ, ಕಣ್ಣಲ್ಲೇ ಗೊತ್ತಾಗುತ್ತೆ. ಆದರೆ ನನ್ನ ಕೈಲಿರೋದಕ್ಕಿಂತ ಅಲ್ಲಿರೋದು ಒಳ್ಳೇದು. ನೀವು ಹೇಳದೇ ಇದ್ದಿದ್ರೆ ನನಗೆ ಹೊಳೀತಿರ್ಲಿಲ್ಲ. ಅದಕ್ಕೆ ಬಂದೆ, ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ."

ಅವನಿಗೆ ಥಟ್ಟನೆ ನೆನಪಾದದ್ದು ಆ ಚಹಾ. ಅವತ್ತು ಹೋಗಿ ಲೋಟ ಮುಟ್ಟಿದಾಗ ಅದು ಆರಿಯೇ ಇತ್ತು, ಸಿಟ್ಟಿನಿಂದ ಬಚ್ಚಲಿಗೆ ಚೆಲ್ಲಿದ್ದ. ಒಂದು ಲೋಟ ಚಹಾಕ್ಕಾಗಿ, ಅದೂ ಕುಡಿಯದ ಚಹಾಕ್ಕಾಗಿ, ನೋಡಿರದ ಒಬ್ಬ ಮನುಷ್ಯನನ್ನು ಅವನು ಮನೆಯಿಂದ ಎತ್ತಿಸುತ್ತಿದ್ದ. ಹಿಮ್ಮಡಿ ಕಿತ್ತುಹೋದವರ ಸಾಲು ಕಣ್ಣ ಮುಂದೆ ಬಂತು. ನಡಿಗೆಯಲ್ಲೇ ಏನೋ ಇದೆ ಎಂದದ್ದನ್ನು ಅವರಲ್ಲಿ ಎಷ್ಟು ಜನ ನಂಬಿದರೋ, ಎಷ್ಟು ಜನ ಇವತ್ತಿಗೂ ತಮ್ಮ ಕಾಲು ನೋಡಿಕೊಂಡು ನಡೆಯುತ್ತಿದ್ದಾರೋ. ಪಟ್ಟಿ ಕಟ್ಟಿದ ಕಣ್ಣಿನ ಹೆಂಡತಿ ಬಿಸಿಲಲ್ಲಿ ನಿಂತು ದಾರಿ ಕೇಳುತ್ತಿರುವುದು ಕಂಡಿತು. ಅವನಿಗೆ ಹೆದರಿಕೆಯಾಯಿತು, ನಾಚಿಕೆಯಾಯಿತು, ಮೂರನೆಯದಾಗಿ ಯಜಮಾನನ ಪೆನ್ನು ಎಲ್ಲಿದೆ ಎಂದು ನೋಡುವ ಬುದ್ಧಿಯೂ ಬಂತು. ಮೂರನೆಯದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಹೇಳಬೇಕು, ಈಗಲೇ, ಒಂದೇ ಉಸಿರಿಗೆ. ಅವನು ಕೋಟಿನ ಜೇಬಿಗೆ ಹೆಬ್ಬೆರಳು ಸಿಕ್ಕಿಸಿದ, ತಲೆ ಒಂದು ಬದಿಗೆ ವಾಲಿಸಿದ.

"ನೋಡಿ ಮೇಡಂ, ವಿಷಯ ಏನು ಅಂದ್ರೆ, ಕೈಗುಣ ಅನ್ನೋದೆಲ್ಲ ಏನೂ ಇಲ್ಲ. ನಿಮ್ಮಿಂದ ಏನೂ ಆಗಿಲ್ಲ. ಫೈಟರ್ ಮೀನಿಗೆ ಈ ಬಟ್ಟಲು ಸಣ್ಣದು. ಒಂದು ಬಕೆಟ್ ನೀರಾದ್ರೂ ಬೇಕು, ಬೆಚ್ಚಗಿರಬೇಕು. ನಲ್ಲಿ ನೀರು ಹಾಗೇ ಹಾಕಬಾರದು. ಪೂರ್ತಿ ಬದಲಾಯಿಸಲೂಬಾರದು. ಕನ್ನಡಿಯಂತೂ ಇಡಲೇಬಾರದು. ನಾನು ಹೇಳಿದ್ದೆಲ್ಲ ತಪ್ಪು."

ಮಾತು ಮುಗಿಯುವ ಮೊದಲೇ ಅದರ ಧ್ವನಿ ಅವನ ಕಿವಿಗೆ ಬಿತ್ತು. ನಯವಾಗಿ, ಎಲ್ಲೂ ತಡವರಿಸದೆ, ಸಡಿಲ ಆಗುತ್ತೆ ಎಂದ ಅದೇ ಧ್ವನಿ. ನಿಜ ಹೇಳುವುದಕ್ಕೆ ಬೇರೆ ಧ್ವನಿಯೊಂದು ಎಲ್ಲಾದರೂ ಇರಬೇಕಿತ್ತು. ಹುಡುಕಿದ, ಸಿಗಲಿಲ್ಲ. ಪೆನ್ನಿನ ಟಕ್ ಟಕ್ ನಿಂತಿತು. ಕುರ್ಚಿ ಸರಿದ ಸದ್ದು. ಯಜಮಾನ ಎರಡೂ ಕೈ ಉಜ್ಜಿಕೊಳ್ಳುತ್ತ ಕೋಣೆಯಿಂದ ಹೊರಬಂದ. ಕೆಲಸ ಹೋಯಿತು, ಅಂದುಕೊಂಡ ಡಾಕ್ಟರ್, ಹಗುರವೂ ಆಯಿತು.

"ಅದನ್ನೇ ಮೇಡಂ ನಮ್ಮ ಡಾಕ್ಟ್ರು ಹೇಳ್ತಿರೋದು," ಎಂದ ಯಜಮಾನ, ಮುಖದ ತುಂಬ ಪ್ರೀತಿಯಿಂದ. "ಬಟ್ಟಲಲ್ಲಿ ಆಗಲ್ಲ. ಈಗ ಪೂರ್ತಿ ಸೆಟ್ ಬಂದಿದೆ, ದೊಡ್ಡ ತೊಟ್ಟಿ, ಹೀಟರ್, ಫಿಲ್ಟರ್, ನೀರಿಗೆ ಹಾಕೋ ಔಷಧಿ, ಒಂದೇ ಡಬ್ಬದಲ್ಲಿ. ನಿಮ್ಮಂಥ ಹಳೇ ಗಿರಾಕಿಗೆ ನೋಡ್ಕೊಂಡು ಹಾಕ್ತೀವಿ. ಡಾಕ್ಟ್ರೇ, ತೋರಿಸಿ."

ಆಕೆ ಯಜಮಾನನನ್ನು ನೋಡಿದಳು, ಗೋಡೆಗೆ ಒರಗಿಸಿದ ಡಬ್ಬಗಳನ್ನು ನೋಡಿದಳು, ಕೊನೆಗೆ ಡಾಕ್ಟರನನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು.

"ಮಾರೋಕೆ ಹೇಳಿದ್ದಲ್ಲ ಮೇಡಂ. ಏನೂ ತಗೋಬೇಡಿ. ನಿಜವಾಗ್ಲೂ."

"ಹೋದ ಸಲ ಕನ್ನಡಿ ವಿಷಯ ಹೇಳುವಾಗ್ಲೂ ಹೀಗೇ ತಲೆ ವಾಲಿಸಿದ್ರಿ," ಎಂದಳು ಆಕೆ, ಮೆತ್ತಗೆ. ನೋಟುಪುಸ್ತಕ ತೆಗೆದು, ಪುಟ ಹೊರಳಿಸಿ, ಬೆರಳಿಟ್ಟು ತೋರಿಸಿದಳು. ತಾರೀಖು, ಅದರ ಕೆಳಗೆ ಡಾಕ್ಟರ್ ಹೇಳಿದ್ದು ಎಂದು ಗೆರೆ ಎಳೆದ ತಲೆಬರಹ, ಅದರ ಕೆಳಗೆ ಅವನ ಮಾತು. ಹೀಗೆ ನಾಲ್ಕು. "ನಾಲ್ಕು ಸಲ ಒಂದು ಹೇಳಿ, ಐದನೇ ಸಲ ಬೇರೆ ಹೇಳೋ ಸಾಕ್ಷೀನ ಕೋರ್ಟು ತಗೊಳ್ಳಲ್ಲ ಡಾಕ್ಟ್ರೇ. ಯಾಕೆ ಬದಲಾಯಿಸ್ತಾರೆ ಅಂತ ನೋಡುತ್ತೆ. ಒಂದೋ ಲಾಭಕ್ಕೆ, ಇಲ್ಲಾ ಕನಿಕರಕ್ಕೆ. ನಿಮಗೆ ಲಾಭ ಬೇಡ, ಅದು ಗೊತ್ತಾಗುತ್ತೆ. ನನಗೆ ಬೇಜಾರಾಗಬಾರದು ಅಂತ ಹೇಳ್ತಿದೀರಿ. ಒಳ್ಳೇ ಮನಸ್ಸು ನಿಮ್ದು."

"ಇಲ್ಲ ಮೇಡಂ, ನಾನು ಒಳ್ಳೆಯವನಲ್ಲ," ಎಂದ. ಅದನ್ನು ಕೇಳಿ ಆಕೆಗೆ ಅವನ ಒಳ್ಳೆಯತನ ಇನ್ನೂ ಖಚಿತವಾಯಿತು. ಯಜಮಾನ ನಕ್ಕು, ನಮ್ಮ ಡಾಕ್ಟ್ರು ಹಾಗೇ, ತುಂಬಾ ಸಂಕೋಚ, ಎಂದ. ಆಕೆ ಬಟ್ಟಲನ್ನು ಕಟ್ಟೆಯ ಒಳಬದಿಗೆ ಸರಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿ, ಕೊಡೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ಕೂಗಬೇಕು ಎನಿಸಿತು. ಏನೆಂದು ಕೂಗುವುದು, ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ಸುಳ್ಳನ್ನು ನಂಬಿಸುವುದು ಹೇಗೆಂದು ಮಾತ್ರ ಅವನಿಗೆ ಗೊತ್ತಿತ್ತು, ಅದೂ ಹೇಗೆಂದು ಗೊತ್ತಿಲ್ಲದೆಯೇ. ಆಕೆಯ ಬೆನ್ನು ಹಕ್ಕಿಗೂಡುಗಳ ಸಾಲನ್ನು ದಾಟುವುದನ್ನು ನೋಡಲಾರದೆ ಅವನು ತಲೆ ತಗ್ಗಿಸಿದ. ಬಾಗಿಲ ಗಂಟೆ ಕಿಣಿ ಎಂದಿತು. ಹೋದಳು. ನಾಳೆ ಹತ್ತು ಗಂಟೆ.

ತಲೆ ಎತ್ತಿದಾಗ ಎದುರಿಗೆ ಒಬ್ಬ ಗಿರಾಕಿ ನಿಂತಿದ್ದ. ಮೂವತ್ತರ ಆಸುಪಾಸು, ಕೊರಳಲ್ಲಿ ಆಫೀಸಿನ ಗುರುತುಚೀಟಿ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ, ಊಟದ ಬಿಡುವಿನಲ್ಲಿ ಬಂದವನ ಅವಸರ.

"ಈ ಮೀನು, ಲೋಟದಲ್ಲಿದೆಯಲ್ಲ, ಇದು ಆಫೀಸಲ್ಲಿ ಮೇಜಿನ ಮೇಲೆ ಇಟ್ಕೋಬಹುದಾ? ಕಂಪ್ಯೂಟರ್ ಪಕ್ಕ ಸ್ವಲ್ಪ ಜಾಗ ಇದೆ. ಪೆನ್ ಸ್ಟ್ಯಾಂಡಿನಷ್ಟು."

ಯಜಮಾನ ಮೂರು ಮಾರು ದೂರದಲ್ಲಿ ನಿಂತಿದ್ದ. ಆದರೆ ಯಜಮಾನನ ಮೇಲೆ ತಪ್ಪು ಹಾಕುವಂತಿಲ್ಲ. ಡಾಕ್ಟರನ ಮನಸ್ಸು ಆಗ ಊರಾಚೆಯ ಒಂದು ಮನೆಯಲ್ಲಿ, ಯಾರೋ ತಿನ್ನಿಸುವ ಚಮಚಕ್ಕೆ ಬಾಯಿ ತೆರೆಯದೆ ಕಣ್ಣು ಹೊರಳಿಸುತ್ತಿರುವ ಒಬ್ಬ ಮನುಷ್ಯನ ಹತ್ತಿರ ಇತ್ತು. ಬಾಯಿ ಮಾತ್ರ ಅಂಗಡಿಯಲ್ಲಿತ್ತು. ಹೆಬ್ಬೆರಳು ತಾನಾಗಿ ಜೇಬಿಗೆ ಹೋಯಿತು, ತಲೆ ವಾಲಿತು.

"ಧಾರಾಳವಾಗಿ ಇಡಿ ಸರ್. ಎಮ್ಮೆ ಕಾಲೂರಿದ ಗುಂಡಿ ನೀರಲ್ಲೂ ಬದುಕೋ ಜಾತಿ ಇದು. ಜಾಗ ಜಾಸ್ತಿ ಕೊಟ್ರೇ ಅದಕ್ಕೆ ಭಯ. ದಿನಾ ಪೂರ್ತಿ ನೀರು ಚೆಲ್ಲಿ, ನಲ್ಲಿ ನೀರು ಹಿಡಿದು ಹಾಕಿ. ಒಂಟಿ ಅನ್ನಿಸಿದ್ರೆ ಒಂದು ಕನ್ನಡಿ ಇಡಿ, ಜೊತೆಗೊಬ್ಬ ಇದಾನೆ ಅಂತ ಖುಷಿಯಾಗಿರುತ್ತೆ. ಎರಡು ದಿನ ಮಂಕಾಗಿರುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ."

"ಸತ್ತುಗಿತ್ತು ಹೋದ್ರೆ?"

"ಅದು ಕೈಗುಣದ ಮೇಲೆ ಹೋಗುತ್ತೆ ಸರ್. ಕೆಲವರ ಕೈಗುಣ ಹಾಗಿರುತ್ತೆ, ಏನು ಮಾಡೋಕಾಗುತ್ತೆ."

ಹೇಳಿದ ಮೇಲೆ ಕೇಳಿಸಿತು. ಆಗ ಅವನಿಗೆ ಇನ್ನೊಂದು ವಿಷಯ ಹೊಳೆಯಿತು: ಗಂಟೆ ಬಡಿದದ್ದು ಒಂದೇ ಸಲ. ಅದು ಈ ಗಿರಾಕಿ ಒಳಗೆ ಬಂದ ಸದ್ದು. ಆಕೆ ಹೊರಗೆ ಹೋಗೇ ಇರಲಿಲ್ಲ. ಗಿರಾಕಿಯ ಹೆಗಲಾಚೆ, ಹಕ್ಕಿಗೂಡುಗಳ ಪಕ್ಕ, ಒಳಬರುವವನಿಗೆ ದಾರಿ ಬಿಟ್ಟು ನಿಂತವಳು ಅಲ್ಲೇ ನಿಂತಿದ್ದಳು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ನೋಟುಪುಸ್ತಕ ಬಿಚ್ಚಿ ಹಿಡಿದು, ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದಳು. ಬೆರಳು ಒಂದು ಪುಟ ಮುಗಿಸಿ ಇನ್ನೊಂದಕ್ಕೆ ಹೋಯಿತು, ಕೊನೆಯ ಸಾಲಿಗೆ ಬಂದು ನಿಂತಿತು. ಆಕೆಯ ತುಟಿ ಅಲುಗುತ್ತಿತ್ತು. ಆಮೇಲೆ ಆಕೆ ಮೆಲ್ಲಗೆ ನಡೆದು ಕಟ್ಟೆಯ ಹತ್ತಿರ ಬಂದಳು, ಗಿರಾಕಿಯ ಪಕ್ಕ ನಿಂತಳು. ಅವನ ಗುರುತುಚೀಟಿ, ಅಂಗಿ, ಆಮೇಲೆ ತೋಳುಗಳನ್ನು ಜೇಬಿನವರೆಗೂ ನೋಡಿದಳು.

"ಎಮ್ಮೆ ಕಾಲೂರಿದ ಗುಂಡಿ ನೀರು," ಎಂದು ಪುಸ್ತಕ ನೋಡಿ ಓದಿದಳು. "ಜಾಗ ಜಾಸ್ತಿ ಕೊಟ್ರೇ ಭಯ. ಪೂರ್ತಿ ಚೆಲ್ಲಿ, ನಲ್ಲಿ ನೀರು. ಒಂಟಿ ಅನ್ನಿಸಿದ್ರೆ ಕನ್ನಡಿ, ಜೊತೆಗೊಬ್ಬ ಇದಾನೆ ಅಂತ. ಕೆಲವರ ಕೈಗುಣ ಹಾಗಿರುತ್ತೆ, ಏನು ಮಾಡೋಕಾಗುತ್ತೆ. ಒಂದಕ್ಷರ ಆಚೀಚೆ ಇಲ್ಲ." ಆಕೆ ಕನ್ನಡಕದ ಮೇಲಿನಿಂದ ಡಾಕ್ಟರನನ್ನು ನ್ಯಾಯಾಧೀಶರು ಸಾಕ್ಷಿಯನ್ನು ನೋಡುವಂತೆ ನೋಡಿದಳು. "ಇವರ ಕೈಗುಣ ಹೇಗೆ ಗೊತ್ತಾಯ್ತು ನಿಮಗೆ? ಇವರ ಕೈ ಇನ್ನೂ ಜೇಬಲ್ಲೇ ಇದೆಯಲ್ಲ."

ಗಿರಾಕಿ ಗಾಬರಿಯಾಗಿ ಎರಡೂ ಕೈ ಹೊರಗೆ ತೆಗೆದ.

ಡಾಕ್ಟರನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಅದರ ಜೊತೆಯಲ್ಲೇ, ಎದೆಯ ಯಾವುದೋ ಮೂಲೆಯಲ್ಲಿ, ಆಕೆಗೆ ಗೊತ್ತಾಯಿತು, ಕಡೆಗೂ ಗೊತ್ತಾಯಿತು, ಎಂಬ ಸಂತೋಷ. ನಿಜ ಹೇಳಿ ಆಗದಿದ್ದದ್ದು ಸುಳ್ಳು ಹೇಳಿ ಆಯಿತು. ಆ ಸಂತೋಷವನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವಂತಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಆಕೆ ಕಟ್ಟೆಯಾಚೆ ಕೈ ಚಾಚಿ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಗಾಜಿನ ಮೇಲೆ ಆ ಕೈ ನಡುಗುತ್ತಿರಲಿಲ್ಲ. ಇನ್ನೊಂದು ಕೈಯಿಂದ ಫೋನ್ ತೆಗೆದು, ನಂಬರ್ ಒತ್ತಿ, ಕಿವಿಗಿಟ್ಟುಕೊಂಡಳು.

"ನಾನು. ನಾಳೆ ಗಾಡಿ ಬೇಡ ಅಂತ ಹೇಳಿಬಿಡಿ... ಇಲ್ಲ, ಮುಂದಕ್ಕೆ ಹಾಕೋದಲ್ಲ, ಬೇಡ... ಯಾಕೆ ಅಂದ್ರೆ, ನಿಮ್ಮ ಅಣ್ಣನ್ನ ನಾನು ನೋಡ್ಕೋತೀನಿ. ಇಷ್ಟು ದಿನ ಯಾರು ನೋಡ್ಕೊಂಡಿದ್ದು?... ಮನೆಗೆ ಬಂದು ಹೇಳ್ತೀನಿ, ಇಡಿ."

ಫೋನ್ ಒಳಗೆ ಹೋಯಿತು, ಪೆನ್ನು ಹೊರಗೆ ಬಂತು. ಕೊನೆಯ ಪುಟದಲ್ಲಿ ತಾರೀಖು ಹಾಕಿ ಎರಡು ಸಾಲು ಬರೆದಳು, ತಲೆ ಎತ್ತಿದಳು.

"ಓದ್ತೀನಿ. ಡಾಕ್ಟರ್ ಹೇಳಿದ್ದು: ಮೀನಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿದೆ ಅಂತ ಹೇಳಿ ನಾಲ್ಕು ಮೀನು ಸಾಯಿಸಿದೆ. ಸರಿ ಇದೆಯಾ?"

ಯಜಮಾನ ಕೆಮ್ಮಿದ.

"ಸರಿ ಇದೆ," ಎಂದ ಅವನು. ಸಣ್ಣಗೆ, ಒಡೆದುಹೋಗಿ ಬಂದ ಆ ಧ್ವನಿಯನ್ನು ಅವನು ಇದುವರೆಗೆ ಕೇಳಿರಲಿಲ್ಲ.

ಆಕೆ ಪುಸ್ತಕ ಮುಚ್ಚಿದಳು. ಥ್ಯಾಂಕ್ಸ್ ಹೇಳಲಿಲ್ಲ. ಬಾಗಿಲ ಹತ್ತಿರ ನಿಂತು ಗಿರಾಕಿಗೆ, ಕನ್ನಡಿ ಇಡಬೇಡಿ, ಎಂದಷ್ಟೇ ಹೇಳಿ ಹೊರಗೆ ಹೋದಳು. ಈ ಸಲ ಗಂಟೆ ಬಡಿದದ್ದನ್ನು ಅವನು ಸರಿಯಾಗಿ ಕೇಳಿಸಿಕೊಂಡ. ಬಂಗಾರದ ಮೀನುಗಳ ತೊಟ್ಟಿಯಾಚೆ ಆಕೆ ರಸ್ತೆಯ ಅಂಚಿಗೆ ಹೋಗಿ, ಬಟ್ಟಲಿನ ಚೀಲವನ್ನು ಎದೆಗೆ ಅವುಚಿಕೊಂಡು, ಗಾಡಿಗಳು ಪೂರ್ತಿ ನಿಲ್ಲುವವರೆಗೂ ಕಾದಳು.

ಗಿರಾಕಿ ಇನ್ನೂ ಅಲ್ಲೇ ಇದ್ದ. ತನ್ನ ಕೈಗಳನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೊನೆಗೆ ಎರಡೂ ಅಂಗೈಗಳನ್ನು ಕಟ್ಟೆಯ ಮೇಲೆ, ಲೋಟಗಳ ಸಾಲಿನ ಪಕ್ಕ, ಮೇಲ್ಮುಖವಾಗಿ ಚಾಚಿದ.

"ಯಾವುದಕ್ಕೂ ಒಂದ್ಸಲ ನೋಡಿ ಹೇಳಿಬಿಡಿ ಡಾಕ್ಟ್ರೇ," ಎಂದ.